ಸಮೃದ್ಧಿಯಲ್ಲಿ ಹುಟ್ಟುವ ಆಯ್ಕೆ: ಟ್ರೌಟ್ ಮೀನು ಮತ್ತು ಮೇಫ್ಲೈ

ತಂಪಾದ, ತಿಳಿಯಾದ, ಆಮ್ಲಜನಕ ಹೇರಳವಾಗಿರುವ ಹರಿವ ನೀರಿನಲ್ಲಿ ಬದುಕುವ ಟ್ರೌಟ್ ಮೀನು ವರ್ಷದ ಬಹುಪಾಲು ದಿನಗಳಲ್ಲಿ ಸಿಕ್ಕಿದ್ದನ್ನು ತಿನ್ನುವ ಬೇಟೆಗಾರ. ಕಲ್ಲಿನ ಸಂದಿಯ ಮರಿಹುಳು, ಸಿಹಿನೀರಿನ ಸಣ್ಣ ಸಿಗಡಿ, ಬಸವನಹುಳು, ತನಗಿಂತ ಚಿಕ್ಕ ಮೀನು, ದಡದ ಹುಲ್ಲಿನಿಂದ ಜಾರಿ ಬಿದ್ದ ಮಿಡತೆ ಅಥವಾ ಇರುವೆ, ಇವೆಲ್ಲವೂ ಅದರ ಹೊಟ್ಟೆಯಲ್ಲಿ ಕಂಡುಬರುತ್ತವೆ. ಆದರೆ ನದಿಯ ತಳದಲ್ಲಿ ಬೆಳೆದ ಒಂದೇ ಜಾತಿಯ ಕೀಟಗಳು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಮ್ಮೆಲೇ ಮೇಲೆದ್ದು ಬಂದು ರೆಕ್ಕೆ ಬಿಚ್ಚುವ ಕೆಲವು ಗಂಟೆಗಳಲ್ಲಿ ಅದೇ ಮೀನಿನ ನಡವಳಿಕೆ ಪೂರ್ತಿಯಾಗಿ ಬದಲಾಗುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಏನನ್ನಾದರೂ ನುಂಗುತ್ತಿದ್ದ ಮೀನು ಈಗ ಆ ಒಂದು ಕೀಟವನ್ನು, ಅದರಲ್ಲಿಯೂ ಆ ಕೀಟದ ಬದುಕಿನ ಒಂದು ನಿರ್ದಿಷ್ಟ ಹಂತವನ್ನು ಮಾತ್ರ ಆರಿಸಿಕೊಳ್ಳುತ್ತ, ಮೂತಿಯ ಪಕ್ಕದಲ್ಲಿಯೇ ತೇಲಿಹೋಗುವ ಬೇರೆ ಹುಳುಗಳನ್ನು, ಅವು ಗಾತ್ರದಲ್ಲಿ ದೊಡ್ಡವಾಗಿದ್ದರೂ, ಬಿಟ್ಟುಬಿಡುತ್ತದೆ. ಕೀಟಗಳ ಈ ಸಾಮೂಹಿಕ ಏಳಿಕೆಗೆ ‘ಹ್ಯಾಚ್’ ಎಂದು ಹೆಸರು. ಅದರ ನಡುವೆ ಟ್ರೌಟ್ ತೋರುವ ಪಟ್ಟುಹಿಡಿದ ಆಯ್ಕೆ ಗಾಳಗಾರರನ್ನು ಎರಡು ಶತಮಾನಗಳಿಂದ ಕಾಡುತ್ತ ಬಂದಿದ್ದು, ಅರ್ಧ ಶತಮಾನದಿಂದೀಚೆಗೆ ಜೀವವಿಜ್ಞಾನಿಗಳ ಗಂಭೀರ ಅಧ್ಯಯನಕ್ಕೂ ವಸ್ತುವಾಗಿದೆ.

ಈ ಆಯ್ಕೆಯನ್ನು ಹತ್ತಿರದಿಂದ ಮೊದಲು ಗಮನಿಸಿದವರು ಫ್ಲೈ ಫಿಶಿಂಗ್ ಮಾಡುವವರು. ಈ ವಿಧಾನದಲ್ಲಿ ಎರೆಹುಳುವಿನಂತಹ ನಿಜವಾದ ಎರೆಯನ್ನು ಬಳಸುವುದಿಲ್ಲ. ಸಣ್ಣ ಕೊಕ್ಕೆಯ ಮೇಲೆ ರೇಷ್ಮೆ ದಾರ, ಪ್ರಾಣಿಗಳ ತುಪ್ಪಳ, ಹುಂಜದ ಕುತ್ತಿಗೆಯ ಗರಿ ಮುಂತಾದವನ್ನು ಸುತ್ತಿ ಬಿಗಿದು ಕೀಟವನ್ನು ಹೋಲುವ ಹುಸಿಹುಳುವನ್ನು ಕಟ್ಟಲಾಗುತ್ತದೆ. ಹುಸಿಹುಳುವಿಗೆ ಹೆಚ್ಚುಕಡಿಮೆ ತೂಕವೇ ಇರುವುದಿಲ್ಲವಾದ್ದರಿಂದ ಅದನ್ನು ಎಸೆಯುವ ಬಲ ದಪ್ಪನೆಯ, ತೂಕವುಳ್ಳ ದಾರದಿಂದ ಬರಬೇಕಾಗುತ್ತದೆ. ಉದ್ದವಾದ ಬಳುಕುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿದಾಗ, ಅದರ ತುದಿಯ ತೆಳುವಾದ ಪಾರದರ್ಶಕ ಎಳೆಗೆ ಕಟ್ಟಿದ ಹುಸಿಹುಳು ಹಗುರವಾಗಿ ನೀರಿನ ಮೇಲೆ ಇಳಿಯುತ್ತದೆ. ಕ್ರಿ.ಶ. 200ರ ಸುಮಾರಿನಲ್ಲಿ ರೋಮಿನ ಲೇಖಕ ಈಲಿಯನ್, ಮ್ಯಾಸಿಡೋನಿಯದ ಜನ ಕೆಂಪು ಉಣ್ಣೆಯನ್ನೂ ಹುಂಜದ ಗರಿಯನ್ನೂ ಕೊಕ್ಕೆಗೆ ಕಟ್ಟಿ, ನೀರಿನ ಮೇಲಿನ ಹುಳುಗಳನ್ನು ತಿನ್ನುವ ಚುಕ್ಕೆಮೀನುಗಳನ್ನು ಹಿಡಿಯುತ್ತಿದ್ದರೆಂದು ದಾಖಲಿಸಿರುವುದರಿಂದ ಈ ವಿದ್ಯೆ ಬಹಳ ಹಳೆಯದೆಂಬುದು ಸ್ಪಷ್ಟ. ಆದರೆ ಅದು ಕೀಟಶಾಸ್ತ್ರದ ಜೊತೆ ಬಿಡಿಸಲಾಗದಂತೆ ಬೆರೆತದ್ದು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ.

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ಹ್ಯಾಂಪ್‌ಶೈರ್ ಪ್ರಾಂತದಲ್ಲಿ, ಸೀಮೆಸುಣ್ಣದ ಕಲ್ಲಿನ ಪದರಗಳಿಂದ ಒಸರುವ ಬುಗ್ಗೆಗಳೇ ನದಿಗಳಾಗಿ ಹರಿಯುತ್ತವೆ. ಮಳೆನೀರು ಈ ಸುಣ್ಣಕಲ್ಲಿನೊಳಗೆ ತಿಂಗಳುಗಟ್ಟಲೆ ಇಂಗಿ ಸೋಸಿ ಬರುವುದರಿಂದ ನೀರು ಕನ್ನಡಿಯಷ್ಟು ತಿಳಿಯಾಗಿರುತ್ತದೆ. ಬುಗ್ಗೆಯ ಬಾಯಲ್ಲಿ ಅದರ ಉಷ್ಣತೆ ಬೇಸಿಗೆ, ಚಳಿಗಾಲ ಎನ್ನದೆ 10ರಿಂದ 11 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಲ್ಲುತ್ತದೆ. ಕರಗಿದ ಸುಣ್ಣದ ಅಂಶದಿಂದ ಜೊಂಡು, ಪಾಚಿ, ಸಿಗಡಿ, ಕೀಟಗಳೆಲ್ಲ ಸಮೃದ್ಧವಾಗಿ ಬೆಳೆಯುತ್ತವೆ. ಇಡೀ ಜಗತ್ತಿನಲ್ಲಿ ಇಂತಹ ನದಿಗಳಿರುವುದು ಕೆಲವು ನೂರು ಮಾತ್ರ, ಅವುಗಳಲ್ಲಿ ಬಹುಪಾಲು ಇಂಗ್ಲೆಂಡಿನಲ್ಲಿಯೇ ಇವೆ. ಟೆಸ್ಟ್ ಮತ್ತು ಇಚೆನ್ ಎಂಬ ಎರಡು ನದಿಗಳು ಇವುಗಳಲ್ಲಿ ಹೆಸರುವಾಸಿ. ದಡದಲ್ಲಿ ನಿಂತವರಿಗೆ ನೀರಿನೊಳಗಿನ ಮೀನೂ, ಅದು ನುಂಗುವ ಹುಳುವೂ ಬರಿಗಣ್ಣಿಗೆ ಕಾಣಿಸುವ ಈ ನದಿಗಳೇ ಟ್ರೌಟ್ ಆಯ್ಕೆಯ ಅಧ್ಯಯನಕ್ಕೆ ಮೊದಲ ಪ್ರಯೋಗಶಾಲೆಗಳಾದವು.

ಈ ಕಥೆಯ ಇನ್ನೊಂದು ಮುಖ್ಯ ಪಾತ್ರ ಮೇಫ್ಲೈ. ಹೆಸರಿನಲ್ಲಿ ನೊಣದ ಸೂಚನೆ ಇದ್ದರೂ ಇದು ನೊಣಗಳ ಗುಂಪಿಗೆ ಸೇರದೆ, ಸುಮಾರು 30 ಕೋಟಿ ವರ್ಷಗಳಷ್ಟು ಹಿಂದಿನ ಮೂಲವುಳ್ಳ, ರೆಕ್ಕೆಯ ಕೀಟಗಳಲ್ಲಿಯೇ ಅತಿ ಪ್ರಾಚೀನವಾದ ಗಣವೊಂದಕ್ಕೆ ಸೇರಿದೆ. ಜಗತ್ತಿನಲ್ಲಿ ಇದರ 3000ಕ್ಕೂ ಹೆಚ್ಚು ಪ್ರಭೇದಗಳು ಗೊತ್ತಾಗಿವೆ. ಮೊಟ್ಟೆಯೊಡೆದು ಬಂದ ಮರಿ ತಿಂಗಳುಗಟ್ಟಲೆ, ಕೆಲವು ಪ್ರಭೇದಗಳಲ್ಲಿ ಎರಡು ವರ್ಷದವರೆಗೂ, ನೀರಿನ ತಳದಲ್ಲಿಯೇ ಇದ್ದು ಪಾಚಿಯನ್ನೋ ಕೊಳೆತ ಎಲೆಯ ಕಣಗಳನ್ನೋ ತಿಂದು, ಹತ್ತಾರು ಬಾರಿ ಪೊರೆ ಕಳಚುತ್ತ ಬೆಳೆಯುತ್ತದೆ. ಈ ಜಲವಾಸಿ ಹಂತಕ್ಕೆ ನಿಂಫ್ ಎಂದು ಹೆಸರು. ಹೊಟ್ಟೆಯ ಇಕ್ಕೆಲಗಳಲ್ಲಿ ಸಾಲಾಗಿ ಕಿವಿರುಗಳೂ, ಹಿಂಬದಿಯಲ್ಲಿ ಸಾಮಾನ್ಯವಾಗಿ 3 ಎಳೆಬಾಲಗಳೂ ಇರುವ ನಿಂಫ್‌ನ ಬೆನ್ನಿನ ಮೇಲೆ ರೆಕ್ಕೆಯ ಮೊಗ್ಗುಗಳು ಕಪ್ಪಾಗಿ ಉಬ್ಬಿದಾಗ ಅದು ನೀರನ್ನು ಬಿಡುವ ಕಾಲ ಹತ್ತಿರ ಬಂತೆಂದು ತಿಳಿಯಬೇಕು. ನೀರಿನಿಂದ ಹೊರಬಂದ ರೆಕ್ಕೆಯ ಕೀಟ ಇನ್ನೂ ಪ್ರೌಢವಾಗಿರುವುದಿಲ್ಲ. ಮಸುಕಾದ, ನುಣುಪಾದ ರೋಮಗಳಿರುವ ರೆಕ್ಕೆಯ ಈ ನಡುಹಂತವನ್ನು ಗಾಳಗಾರರು ‘ಡನ್’ ಎನ್ನುತ್ತಾರೆ. ಅದು ದಡದ ಗಿಡಗಳಿಗೆ ಹಾರಿ ಕುಳಿತು, ಕೆಲವು ಗಂಟೆಗಳೋ ಒಂದು ದಿನವೋ ಕಳೆದ ಮೇಲೆ ರೆಕ್ಕೆಯ ಮೇಲಿನ ಪೊರೆಯನ್ನೂ ಒಳಗೊಂಡಂತೆ ಇನ್ನೊಮ್ಮೆ ಪೊರೆ ಕಳಚಿ, ಗಾಜಿನಂತೆ ಪಾರದರ್ಶಕವಾದ ರೆಕ್ಕೆಗಳ ಪ್ರೌಢ ಕೀಟವಾಗುತ್ತದೆ. ಅದಕ್ಕೆ ‘ಸ್ಪಿನ್ನರ್’ ಎಂಬ ಹೆಸರಿದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇಂದಿನ ಜಗತ್ತಿನಲ್ಲಿ ಇವು ಮಾತ್ರ. ಪ್ರೌಢ ಕೀಟದ ಬಾಯಿಯ ಅಂಗಗಳು ಕುಗ್ಗಿ ನಿರುಪಯುಕ್ತವಾಗಿರುವುದರಿಂದ ಅದು ಏನನ್ನೂ ತಿನ್ನಲಾರದು. ಕೂಡಿ, ಮೊಟ್ಟೆಯಿಟ್ಟು ಸಾಯುವುದಷ್ಟೇ ಅದರ ಉಳಿದ ಕೆಲಸ. ಅಮೆರಿಕದ ಆಗ್ನೇಯ ಭಾಗದ ಮರಳುತಳದ ನದಿಗಳಲ್ಲಿರುವ ಡೊಲಾನಿಯಾ ಅಮೆರಿಕಾನಾ ಎಂಬ ಪ್ರಭೇದದ ಹೆಣ್ಣು ಕೊನೆಯ ಬಾರಿ ಪೊರೆ ಕಳಚಿದ ಮೇಲೆ 5 ನಿಮಿಷವೂ ಬದುಕುವುದಿಲ್ಲ.

ಬದುಕು ಇಷ್ಟು ಗಿಡ್ಡವಾದಾಗ ಹೆಣ್ಣು ಗಂಡುಗಳು ಸಂಧಿಸಬೇಕಾದರೆ ಎಲ್ಲವೂ ಒಂದೇ ಹೊತ್ತಿಗೆ ಹೊರಬರುವುದು ಅನಿವಾರ್ಯವೆಂದು ಯಾರಿಗಾದರೂ ತೋರುತ್ತದೆ. ಅದು ನಿಜವಾದರೂ ಕಾರಣ ಅದೊಂದೇ ಅಲ್ಲ. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ಈಸುಳ್ಳಿ ಹುಳುಗಳು ಏಳುವುದನ್ನು ಕಂಡವರಿಗೆ ಇದರ ತರ್ಕ ಸುಲಭವಾಗಿ ಹೊಳೆಯುತ್ತದೆ: ಕಾಗೆ, ಹಲ್ಲಿ, ಕಪ್ಪೆ, ಕೋಳಿ ಎಲ್ಲವೂ ಹೊಟ್ಟೆ ಬಿರಿಯುವಷ್ಟು ತಿಂದರೂ ತಿನ್ನುವವರ ಹೊಟ್ಟೆಗಿಂತ ಹುಳುಗಳ ಸಂಖ್ಯೆಯೇ ದೊಡ್ಡದಾಗಿರುವುದರಿಂದ ಸಾಕಷ್ಟು ಉಳಿದುಕೊಳ್ಳುತ್ತವೆ. ಬರ್ನಾರ್ಡ್ ಸ್ವೀನಿ ಮತ್ತು ರಾಬಿನ್ ವ್ಯಾನೋಟ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಮೇಲೆ ಹೇಳಿದ ಡೊಲಾನಿಯಾ ಕೀಟವನ್ನೇ ಅಧ್ಯಯನ ಮಾಡಿ 1982ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಹೆಚ್ಚು ಕೀಟಗಳು ಎದ್ದ ದಿನಗಳಲ್ಲಿ ಒಂದೊಂದು ಕೀಟವೂ ಬೇಟೆಗೆ ಸಿಕ್ಕುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದನ್ನು ತೋರಿಸಿಕೊಟ್ಟರು. ಬೇಟೆಗಾರನನ್ನು ತೃಪ್ತಿಪಡಿಸಿ ಸೋಲಿಸುವ ಈ ತಂತ್ರದಲ್ಲಿ ಗುಂಪಿಗಿಂತ ಮುಂಚೆ ಎದ್ದ ಕೀಟಕ್ಕೂ ತಡವಾಗಿ ಎದ್ದ ಕೀಟಕ್ಕೂ ಅಪಾಯ ಹೆಚ್ಚು. ಹೀಗೆ ಪ್ರತಿ ವರ್ಷವೂ ಹೊತ್ತು ತಪ್ಪಿದವುಗಳನ್ನು ಮೀನುಗಳೇ ತಿಂದು ಮುಗಿಸುವುದರಿಂದ ಏಳಿಕೆಯ ಕಾಲ ತಲೆಮಾರಿನಿಂದ ತಲೆಮಾರಿಗೆ ಇನ್ನಷ್ಟು ಬಿಗಿಯಾಗುತ್ತದೆ. ಹಂಗೆರಿಯ ಟಿಸಾ ನದಿಯಲ್ಲಿ ಜೂನ್ ತಿಂಗಳಲ್ಲಿ ಪಾಲಿಂಜೀನಿಯಾ ಎಂಬ ದೊಡ್ಡ ಮೇಫ್ಲೈ ಎದ್ದಾಗ ನೀರಿನ ಮೇಲ್ಮೈಯೇ ರೆಕ್ಕೆಗಳಿಂದ ಮುಚ್ಚಿಹೋಗುತ್ತದೆ, ಅದನ್ನು ನೋಡಲು ಜನ ನದಿಯ ದಡಕ್ಕೆ ಬರುತ್ತಾರೆ.

ತಳದಿಂದ ಗಾಳಿಗೆ ಸಾಗುವ ಈ ದಾರಿಯಲ್ಲಿ ಮೇಫ್ಲೈ ಅತ್ಯಂತ ನಿಸ್ಸಹಾಯಕವಾಗುವ ಜಾಗ ನೀರಿನ ಮೇಲ್ಪದರ. ಚರ್ಮದಡಿ ಅನಿಲ ತುಂಬಿಕೊಂಡ ನಿಂಫ್ ನೆಲವನ್ನು ಬಿಟ್ಟು ತೆವಳುತ್ತ, ಈಜುತ್ತ ಮೇಲಕ್ಕೆ ಬಂದು ಮೇಲ್ಮೈಯ ಕೆಳಗೆ ತಡೆಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಎಳೆದುಕೊಳ್ಳುವುದರಿಂದ ಮೇಲ್ಮೈ ಬಿಗಿದ ತೆಳುಪೊರೆಯ ಹಾಗೆ ವರ್ತಿಸುತ್ತದೆ. ಮನುಷ್ಯನ ಬೆರಳಿಗೆ ಗೊತ್ತೇ ಆಗದ ಈ ಮೇಲ್ಮೈ ಎಳೆತ 1 ಸೆಂಟಿಮೀಟರಿಗಿಂತ ಚಿಕ್ಕದಾದ ಕೀಟಕ್ಕೆ ನಿಜವಾದ ತಡೆ. ಅಲ್ಲಿಯೇ ನಿಂಫ್‌ನ ಬೆನ್ನು ಉದ್ದಕ್ಕೆ ಸೀಳುತ್ತದೆ, ಸೀಳಿನಿಂದ ಮೊದಲು ಎದೆಯ ಭಾಗ ಉಬ್ಬಿ ಬರುತ್ತದೆ, ಆಮೇಲೆ ತಲೆ, ಕಾಲುಗಳು, ಸುಕ್ಕುಗಟ್ಟಿದ ರೆಕ್ಕೆಗಳು ಒಂದೊಂದಾಗಿ ಹೊರಬರುತ್ತವೆ. ಹೊಟ್ಟೆಯ ತುದಿ ಇನ್ನೂ ಹಳೆಯ ಪೊರೆಯೊಳಗೆ ಸಿಕ್ಕಿಕೊಂಡು ನೀರಿನ ಕೆಳಗೆ ನೇತಾಡುತ್ತಿರುವಾಗಲೇ ಮೇಲಿನರ್ಧ ಗಾಳಿಯಲ್ಲಿರುತ್ತದೆ. ಕೆಲವು ಕೀಟಗಳು ಈ ಸ್ಥಿತಿಯಿಂದ ಮುಂದೆ ಹೋಗುವುದೇ ಇಲ್ಲ, ರೆಕ್ಕೆ ಮುದುಡಿ ಅಥವಾ ಪೊರೆಯಲ್ಲಿ ಸಿಕ್ಕಿಬಿದ್ದು ತೇಲಿ ಸಾಯುತ್ತವೆ. ಹೊರಬಂದವು ರೆಕ್ಕೆಗಳನ್ನು ನೆಟ್ಟಗೆ ನಿಲ್ಲಿಸಿ, ಅವು ಗಟ್ಟಿಯಾಗುವವರೆಗೆ ಪ್ರವಾಹದ ಮೇಲೆ ತೇಲಿ ಸಾಗಿ ಕೊನೆಗೆ ಹಾರುತ್ತವೆ. ತಂಪಾದ, ಮೋಡ ಕವಿದ, ತೇವದ ದಿನಗಳಲ್ಲಿ ಈ ತೇಲುವಿಕೆ ಬಿಸಿಲಿನ ದಿನಗಳಿಗಿಂತ ದೀರ್ಘವಾಗುವುದರಿಂದಲೇ ಅಂತಹ ದಿನಗಳಲ್ಲಿ ಮೀನು ಮೇಲೆ ಬಂದು ತಿನ್ನುವುದು ಹೆಚ್ಚು.

ಹೀಗೆ ಒಂದೇ ಹ್ಯಾಚ್‌ನಲ್ಲಿ ಒಂದೇ ಪ್ರಭೇದದ ಕೀಟ ಏರುತ್ತಿರುವ ನಿಂಫ್ ಆಗಿ, ಪೊರೆಯಲ್ಲಿ ಅರ್ಧ ಸಿಕ್ಕಿಕೊಂಡ ಕೀಟವಾಗಿ, ತೇಲುವ ಡನ್ ಆಗಿ ಏಕಕಾಲದಲ್ಲಿ ಮೀನಿನ ಮುಂದಿರುತ್ತದೆ. ಇವುಗಳಲ್ಲಿ ಯಾವುದನ್ನು ಟ್ರೌಟ್ ಆರಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಅದರ ಶಕ್ತಿಯ ಜಮಾಖರ್ಚನ್ನು ನೋಡಬೇಕು. ಹರಿವಿಗೆ ಎದುರಾಗಿ ಈಜುವುದು ಖರ್ಚಿನ ಕೆಲಸ. ಆದ್ದರಿಂದ ಟ್ರೌಟ್ ಕಲ್ಲಿನ ಮರೆಯ ಅಥವಾ ಜೊಂಡಿನ ಸಂದಿನ ನಿಧಾನ ನೀರಿನಲ್ಲಿ ನಿಂತು, ಪಕ್ಕದ ವೇಗದ ನೀರು ಹೊತ್ತು ತರುವ ಆಹಾರವನ್ನು ಎರಡು ಕ್ಷಣಗಳ ಚಲನೆಯಿಂದ ಹಿಡಿದು ಮತ್ತೆ ಸ್ವಸ್ಥಾನಕ್ಕೆ ಮರಳುತ್ತದೆ. ಪೆನ್ಸಿಲ್ವೇನಿಯದ ಸ್ಪ್ರೂಸ್ ಕ್ರೀಕ್ ಎಂಬ ಹೊಳೆಯಲ್ಲಿ ಕಂದು ಟ್ರೌಟ್‌ಗಳನ್ನು ಅವುಗಳ ಮೈಮೇಲಿನ ಚುಕ್ಕೆಗಳಿಂದ ಒಂದೊಂದಾಗಿ ಗುರುತಿಸಿ, ವರ್ಷಗಳ ಕಾಲ ದಡದ ಮಂಚಿಕೆಯಿಂದ ವೀಕ್ಷಿಸಿದ ರಾಬರ್ಟ್ ಬಾಕ್‌ಮನ್ 1984ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಾಡುಮೀನು ಹೊಳೆಯಲ್ಲಿ ಆರಿಸಿಕೊಂಡ ಕೆಲವೇ ಜಾಗಗಳಿಗೆ ದಿನವೂ ಮರಳಿ ಬಂದು ಅಲ್ಲಿಂದಲೇ ಮೇಯುತ್ತದೆ. ಮೀನುಮರಿ ಕೇಂದ್ರದಲ್ಲಿ ಬೆಳೆಸಿ ಬಿಟ್ಟ ಮೀನುಗಳಿಗಾದರೋ ಈ ಮಿತವ್ಯಯ ಬರುವುದಿಲ್ಲ, ಅವು ಹೆಚ್ಚು ಓಡಾಡಿ ಹೆಚ್ಚು ದಣಿಯುತ್ತವೆ.

ಆಹಾರದ ಆಯ್ಕೆಗೆ ಗಣಿತದ ರೂಪ ಕೊಟ್ಟವರಲ್ಲಿ ರಾಬರ್ಟ್ ಮ್ಯಾಕ್‌ಆರ್ಥರ್, ಎರಿಕ್ ಪಿಯಾಂಕ ಮತ್ತು ಜಾನ್ ಎಮ್ಲೆನ್ ಮೊದಲಿಗರು; 1966ರಲ್ಲಿ ಹೊರಬಂದ ಇವರ ಲೇಖನಗಳಿಂದ ‘ಗರಿಷ್ಠ ಲಾಭದ ಮೇವು’ ಎನ್ನಬಹುದಾದ ಸಿದ್ಧಾಂತ ಬೆಳೆಯಿತು. ಬೇಟೆಯಿಂದ ಸಿಗುವ ಶಕ್ತಿಯನ್ನು ಅದನ್ನು ಹಿಡಿದು ನುಂಗಲು ಹಿಡಿಯುವ ಸಮಯದಿಂದ ಭಾಗಿಸಿದರೆ ಆ ಬೇಟೆಯ ಲಾಭದ ದರ ದೊರೆಯುತ್ತದೆ. ಈ ಸಿದ್ಧಾಂತದ ಮುಖ್ಯ ತೀರ್ಮಾನ ಮೊದಲ ನೋಟಕ್ಕೆ ಅನಿರೀಕ್ಷಿತವಾಗಿ ಕಾಣುತ್ತದೆ: ಕಡಿಮೆ ಲಾಭದ ಬೇಟೆಯನ್ನು ಪ್ರಾಣಿ ತಿನ್ನುತ್ತದೆಯೋ ಬಿಡುತ್ತದೆಯೋ ಎಂಬುದು ಆ ಬೇಟೆ ಎಷ್ಟಿದೆ ಎಂಬುದರ ಮೇಲೆ ನಿಂತಿಲ್ಲ, ಹೆಚ್ಚು ಲಾಭದ ಬೇಟೆ ಎಷ್ಟಿದೆ ಎಂಬುದರ ಮೇಲೆ ನಿಂತಿದೆ. ಒಳ್ಳೆಯದು ವಿರಳವಾಗಿದ್ದರೆ ಸಿಕ್ಕಿದ್ದೆಲ್ಲ ಆಹಾರ. ಒಳ್ಳೆಯದು ಹೇರಳವಾದಾಗ ಉಳಿದವುಗಳಿಗಾಗಿ ಕಳೆಯುವ ಒಂದೊಂದು ಕ್ಷಣವೂ ನಷ್ಟ. ಪೊರೆಯಲ್ಲಿ ಸಿಕ್ಕಿಕೊಂಡ ಕೀಟ ಹಾರಿಹೋಗಲಾರದು, ಪಕ್ಕಕ್ಕೆ ಈಜಲಾರದು. ಅದನ್ನು ನುಂಗಲು ಮೀನು ಮೂತಿಯನ್ನು ಸ್ವಲ್ಪ ಎತ್ತಿದರೆ ಸಾಕು. ಎದುರಿಗೆ ಡನ್‌ಗಳು ಬೇಕಾದಷ್ಟು ತೇಲುತ್ತಿದ್ದರೂ ಅನೇಕ ಟ್ರೌಟ್‌ಗಳು ಈ ಅರೆಹುಟ್ಟಿನ ಕೀಟಗಳನ್ನೇ ಹೆಕ್ಕುವುದಕ್ಕೆ ಕಾರಣ ಇಲ್ಲಿದೆ.

ಆದರೂ ಲಾಭದ ಲೆಕ್ಕವೊಂದರಿಂದಲೇ ಎಲ್ಲವೂ ವಿವರಣೆಗೆ ಬರುವುದಿಲ್ಲ. ಪಕ್ಕದಲ್ಲಿ ಸಾಗುವ ದೊಡ್ಡ ಹುಳುವಿನಲ್ಲಿ ಹೆಚ್ಚು ಶಕ್ತಿ ಇದ್ದಾಗಲೂ ಮೀನು ಅದನ್ನು ಬಿಡುವುದೇಕೆ ಎಂಬ ಪ್ರಶ್ನೆಗೆ ಗಮನದ ಮಿತಿ ಎಂಬ ಇನ್ನೊಂದು ವಿಚಾರವನ್ನು ಸೇರಿಸಬೇಕಾಗುತ್ತದೆ. ಹಾಲೆಂಡಿನ ಪೈನ್ ಕಾಡುಗಳಲ್ಲಿ ಹಕ್ಕಿಗಳು ಕಂಬಳಿಹುಳುಗಳನ್ನು ಹಿಡಿಯುವ ಬಗೆಯನ್ನು ಪರಿಶೀಲಿಸಿದ ಲೂಕ್ ಟಿನ್‌ಬರ್ಗನ್, ಹೊಸ ಹುಳುವೊಂದು ಕಾಣಿಸಿಕೊಂಡ ಮೊದಲ ದಿನಗಳಲ್ಲಿ ಹಕ್ಕಿಗಳು ಅದನ್ನು ಬಹುತೇಕ ಗುರುತಿಸುವುದೇ ಇಲ್ಲ, ಅದು ಹೆಚ್ಚಾದಂತೆ ಒಮ್ಮೆಲೇ ಅದನ್ನೇ ಹಿಡಿಯತೊಡಗುತ್ತವೆ ಎಂಬುದನ್ನು ಕಂಡು, ಬೇಟೆಗಾರನ ಮಿದುಳಿನಲ್ಲಿ ಆ ಬೇಟೆಯ ‘ಶೋಧಬಿಂಬ’ ರೂಪುಗೊಳ್ಳುತ್ತದೆ ಎಂದು ವಾದಿಸಿದರು. ಅವರ ಲೇಖನ ಪ್ರಕಟವಾದದ್ದು ಅವರು ತೀರಿಕೊಂಡ ಮೇಲೆ, 1960ರಲ್ಲಿ. ನೂರಾರು ಕಸಕಡ್ಡಿ, ಎಲೆಚೂರು, ಗುಳ್ಳೆಗಳು ಹರಿದುಬರುವ ನೀರಿನಲ್ಲಿ ಕ್ಷಣಕ್ಷಣಕ್ಕೂ ತೀರ್ಮಾನಿಸಬೇಕಾದ ಟ್ರೌಟ್‌ಗೆ ಗಾತ್ರ, ಆಕಾರ, ತೇಲುವ ಭಂಗಿ ಎಂಬ ಎರಡು ಮೂರು ಗುರುತುಗಳನ್ನು ಹಿಡಿದುಕೊಂಡು ಉಳಿದದ್ದನ್ನೆಲ್ಲ ಕಸವೆಂದು ಬಿಡುವುದೇ ಸುಲಭ. ನೀಲ್ ರಿಂಗ್ಲರ್ 1979ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇಲ್ಲಿ ಬಹಳ ಮುಖ್ಯ. ಕೃತಕ ಹೊಳೆಯಲ್ಲಿ ಕಂದು ಟ್ರೌಟ್‌ಗಳಿಗೆ ಬೇರೆ ಬೇರೆ ಗಾತ್ರದ ಆಹಾರವನ್ನು ತೇಲಿಬಿಟ್ಟಾಗ ಅವು ದಿನ ಕಳೆದಂತೆ ಹೆಚ್ಚು ಲಾಭದ ಆಹಾರವನ್ನೇ ಹೆಚ್ಚಾಗಿ ಹಿಡಿಯಲು ಕಲಿತವಾದರೂ, ಉಳಿದವನ್ನು ಪೂರ್ತಿಯಾಗಿ ಬಿಡಲಿಲ್ಲ. ಆಗಾಗ ಒಂದೊಂದನ್ನು ಬಾಯಿಗೆ ಹಾಕಿಕೊಂಡು ನೋಡುತ್ತಲೇ ಇದ್ದವು. ಆಹಾರದ ಪರಿಸ್ಥಿತಿ ಬದಲಾಗುತ್ತಲೇ ಇರುವ ಹೊಳೆಯಲ್ಲಿ ಈ ಮಾದರಿ ನೋಡುವ ಸ್ವಭಾವ ಜೀವ ಉಳಿಸುವ ಗುಣ. ಗಾಳಗಾರರ ಬರಹಗಳಲ್ಲಿ ಟ್ರೌಟ್ ಬಹಳ ಜಾಣ, ವಿದ್ಯಾವಂತ ಮೀನು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಷ್ಟು ಚಿಕ್ಕ ಮಿದುಳಿಗೆ ಅಂತಹ ಜಾಣತನವನ್ನು ಆರೋಪಿಸುವ ಅಗತ್ಯವಿಲ್ಲ. ಹೇರಳತೆಯ ನಡುವೆ ಕಲಿತ ಅಭ್ಯಾಸ ಎಂದರೆ ವಿವರಣೆ ಸಾಕಾಗುತ್ತದೆ.

ಮೀನು ಈ ಗುರುತುಗಳನ್ನು ಹೇಗೆ ಕಾಣುತ್ತದೆ ಎಂಬುದು ಬೆಳಕಿನ ಶಾಸ್ತ್ರಕ್ಕೆ ಸೇರಿದ ವಿಷಯ. ಗಾಳಿಯಿಂದ ನೀರಿಗೆ ಬರುವ ಬೆಳಕು ಬಾಗುವುದರಿಂದ, ಅಂದರೆ ವಕ್ರೀಭವನದಿಂದ, ದಿಗಂತದಿಂದ ದಿಗಂತದವರೆಗಿನ ಇಡೀ ಮೇಲಿನ ಜಗತ್ತು ಮೀನಿನ ಕಣ್ಣಿಗೆ ಸುಮಾರು 97 ಡಿಗ್ರಿ ಅಗಲದ ಶಂಕುವಿನೊಳಗೆ ಅಡಕವಾಗಿ ಕಾಣುತ್ತದೆ. ನೀರಿನ ಮೇಲ್ಮೈಯಲ್ಲಿ ಈ ಶಂಕು ದುಂಡನೆಯ ಬೆಳಕಿನ ವೃತ್ತವಾಗುತ್ತದೆ. ವಕ್ರೀಭವನದ ನಿಯಮವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಡಚ್ ವಿದ್ವಾಂಸ ಸ್ನೆಲ್ ಹೆಸರಿನಿಂದ ಅದನ್ನು ಸ್ನೆಲ್ ಕಿಟಕಿ ಎಂದು ಕರೆಯುತ್ತಾರೆ. ವೃತ್ತದ ಹೊರಗಿನ ಮೇಲ್ಮೈ ಕೆಳಗಿನಿಂದ ನೋಡುವ ಕಣ್ಣಿಗೆ ಕನ್ನಡಿ. ಅಲ್ಲಿ ನದಿಯ ತಳದ ಪ್ರತಿಬಿಂಬವಷ್ಟೇ ಕಾಣುತ್ತದೆ. ಕಿಟಕಿಯ ಅಗಲ ಮೀನು ಇರುವ ಆಳದ ಎರಡೂಕಾಲು ಪಟ್ಟಿಗಿಂತ ತುಸು ಹೆಚ್ಚು. 30 ಸೆಂಟಿಮೀಟರ್ ಆಳದಲ್ಲಿರುವ ಮೀನಿಗೆ ಅದು ಸುಮಾರು 68 ಸೆಂಟಿಮೀಟರ್ ಇದ್ದರೆ, 10 ಸೆಂಟಿಮೀಟರ್ ಆಳಕ್ಕೆ ಏರಿ ಬಂದ ಮೀನಿಗೆ 23 ಸೆಂಟಿಮೀಟರಿಗೆ ಇಳಿಯುತ್ತದೆ. ದಟ್ಟ ಹ್ಯಾಚ್‌ನಲ್ಲಿ ಟ್ರೌಟ್ ಮೇಲ್ಮೈಯ ಕೆಳಗೆಯೇ ನಿಂತು ಹೆಕ್ಕುವುದರಿಂದ ಅದರ ನೋಟದ ಜಗತ್ತು ಒಂದು ಗೇಣು ಅಗಲಕ್ಕೆ ಕುಗ್ಗಿರುತ್ತದೆ. ಎರಡು ಗೇಣು ಪಕ್ಕಕ್ಕೆ ಬಿದ್ದ ಹುಸಿಹುಳುವನ್ನು ಅದು ತಿರಸ್ಕರಿಸುತ್ತದೆ ಎನ್ನುವುದಕ್ಕಿಂತ ನೋಡುವುದೇ ಇಲ್ಲ ಎನ್ನುವುದು ಸರಿ.

ದೂರದಿಂದ ತೇಲಿಬರುವ ಡನ್ ಮೊದಲು ಈ ಕನ್ನಡಿಯ ಭಾಗದಲ್ಲಿ ಇರುತ್ತದೆ. ಅಲ್ಲಿ ಅದರ ಮೈ ಕಾಣುವುದಿಲ್ಲ. ಕಾಲುಗಳು ಮೇಲ್ಮೈಯನ್ನು ಒತ್ತಿದ ಜಾಗಗಳಲ್ಲಿ ಕನ್ನಡಿ ತಗ್ಗಾಗಿ, ಕತ್ತಲ ಹಿನ್ನೆಲೆಯಲ್ಲಿ ಹೊಳೆಯುವ ಕೆಲವು ಬೆಳಕಿನ ಚುಕ್ಕೆಗಳು ಮಾತ್ರ ಕಾಣುತ್ತವೆ. ಕೀಟ ಕಿಟಕಿಯ ಅಂಚಿಗೆ ಹತ್ತಿರವಾದಂತೆ ಎತ್ತರದಲ್ಲಿರುವ ರೆಕ್ಕೆಯ ತುದಿಯ ಬೆಳಕು ಬಾಗಿ ಮೊದಲು ಕಣ್ಣಿಗೆ ತಲುಪುವುದರಿಂದ, ರೆಕ್ಕೆಗಳು ಮೈಯಿಂದ ಬೇರ್ಪಟ್ಟು ಗಾಳಿಯಲ್ಲಿ ತೂಗುವಂತೆ ಮೇಲುಗಡೆ ಮೂಡುತ್ತವೆ. ಇನ್ನೂ ಹತ್ತಿರ ಬಂದ ಮೇಲೆ ರೆಕ್ಕೆ, ಮೈ, ಕಾಲು ಒಂದಾಗಿ ಪೂರ್ಣ ಕೀಟವಾಗುತ್ತದೆ. ಅಮೆರಿಕದ ವಿನ್ಸೆಂಟ್ ಮರಿನಾರೊ 1950ರಲ್ಲಿಯೂ, ಇಂಗ್ಲೆಂಡಿನ ಬ್ರಯಾನ್ ಕ್ಲಾರ್ಕ್ ಮತ್ತು ಜಾನ್ ಗೊಡಾರ್ಡ್ 1980ರಲ್ಲಿಯೂ ಪ್ರಕಟಿಸಿದ ಪುಸ್ತಕಗಳು ಈ ನೋಟವನ್ನು ಗಾಳಗಾರರಿಗೆ ವಿವರಿಸಿದವು. ಅರ್ಧ ಮುಳುಗಿದ ಕೀಟವಾದರೆ ಕಥೆ ಬೇರೆ: ಅದು ಮೇಲ್ಮೈಯನ್ನು ಭೇದಿಸಿ ಕೆಳಗೆ ನೇತಾಡುವುದರಿಂದ ಕನ್ನಡಿಯ ಭಾಗದಲ್ಲಿಯೂ ಅದರ ಮೈ ನೇರವಾಗಿ ಕಾಣುತ್ತದೆ, ಆ ಮೈಯ ಪ್ರತಿಬಿಂಬವೂ ಜೊತೆಗಿರುತ್ತದೆ. ಸಿಕ್ಕಿಬಿದ್ದ ಕೀಟಗಳ ಕಡೆಗೆ ಟ್ರೌಟ್ ವಾಲುವುದರಲ್ಲಿ ಈ ಸ್ಪಷ್ಟ ನೋಟಕ್ಕೂ ಪಾಲಿರಬೇಕು.

ಇಷ್ಟೆಲ್ಲ ತಿಳಿಯುವ ಎಷ್ಟೋ ಮೊದಲೇ ಗಾಳಗಾರರು ಪ್ರಯೋಗಕ್ಕೆ ಇಳಿದಿದ್ದರು. ಆಲ್‌ಫ್ರೆಡ್ ರೊನಾಲ್ಡ್ಸ್ ಎಂಬಾತ ಸ್ಟಾಫರ್ಡ್‌ಶೈರ್‌ನ ನದಿಯೊಂದರ ದಡದಲ್ಲಿ ಮೀನಿಗೆ ಕಾಣದಂತೆ ಕುಳಿತು ನೋಡಲು ಗುಡಿಸಲು ಕಟ್ಟಿಕೊಂಡು ಟ್ರೌಟ್‌ನ ನೋಟ, ಕಿವಿ, ರುಚಿಗಳನ್ನು ಪರೀಕ್ಷಿಸಿದ. 1836ರಲ್ಲಿ ಆತ ಪ್ರಕಟಿಸಿದ ‘ದಿ ಫ್ಲೈ-ಫಿಶರ್ಸ್ ಎಂಟಮಾಲಜಿ’ ಪುಸ್ತಕದಲ್ಲಿ ಕೀಟಗಳ ಬಣ್ಣದ ಚಿತ್ರಗಳ ಪಕ್ಕದಲ್ಲಿಯೇ ಅವುಗಳ ಹುಸಿರೂಪಗಳೂ, ನೀರಿನಲ್ಲಿ ಬೆಳಕು ಬಾಗುವುದರ ನಕ್ಷೆಯೂ ಇವೆ. ಫ್ರೆಡರಿಕ್ ಹಾಲ್‌ಫರ್ಡ್ 1886ರ ತನ್ನ ಪುಸ್ತಕದಿಂದ ಮೊದಲುಗೊಂಡು, ತೇಲುವ ಡನ್ ಮತ್ತು ಸ್ಪಿನ್ನರ್‌ಗಳನ್ನು ಬಣ್ಣದ ಛಾಯೆಯವರೆಗೂ ಯಥಾವತ್ತಾಗಿ ಅನುಕರಿಸಿ, ಮೇಲ್ಮೈಯಲ್ಲಿ ತಿನ್ನುತ್ತಿರುವ ಮೀನಿಗೆ ಮಾತ್ರ ಎಸೆಯಬೇಕೆಂಬ ಕಟ್ಟುನಿಟ್ಟಿನ ಪಂಥವನ್ನೇ ಕಟ್ಟಿದ. ಅದನ್ನು ಪ್ರಶ್ನಿಸಿದವರು ವೃತ್ತಿಯಲ್ಲಿ ವಕೀಲರಾಗಿದ್ದ, ದಶಕಗಳ ಕಾಲ ಇಚೆನ್ ನದಿಯಲ್ಲಿ ಗಾಳ ಹಾಕಿದ ಜಿ. ಇ. ಎಂ. ಸ್ಕ್ಯೂಸ್. ಹಿಡಿದ ಮೀನಿನ ಹೊಟ್ಟೆಯಲ್ಲಿದ್ದುದನ್ನು ಉದ್ದನೆಯ ಚಮಚದಿಂದ ಹೊರತೆಗೆದು, ಬಿಳಿ ತಟ್ಟೆಯ ನೀರಿನಲ್ಲಿ ಹರಡಿ ನೋಡುವ ಅಭ್ಯಾಸ ಅವರಿಗಿತ್ತು. ಮೇಲೆ ಬಂದು ತಿನ್ನುತ್ತಿರುವಂತೆ ಕಂಡ ಎಷ್ಟೋ ಟ್ರೌಟ್‌ಗಳ ಹೊಟ್ಟೆಯಲ್ಲಿ ರೆಕ್ಕೆಯ ಕೀಟಗಳ ಬದಲು ನಿಂಫ್‌ಗಳೇ ತುಂಬಿದ್ದವು. 1910ರಲ್ಲಿ ಹೊರಬಂದ ಅವರ ‘ಮೈನರ್ ಟ್ಯಾಕ್ಟಿಕ್ಸ್ ಆಫ್ ದಿ ಚಾಕ್ ಸ್ಟ್ರೀಮ್’ ಪುಸ್ತಕ ನೀರಿನೊಳಗಿನ ಹುಸಿನಿಂಫ್‌ಗೆ ಮಾನ್ಯತೆ ತಂದುಕೊಟ್ಟಿತು. ಹಾಲ್‌ಫರ್ಡ್‌ಗೆ ಹೋಲಿಸಿದರೆ ಸ್ಕ್ಯೂಸ್ ಹೆಚ್ಚು ಒಳ್ಳೆಯ ವಿಜ್ಞಾನಿ. ಮೀನು ಏನು ತಿನ್ನಬೇಕು ಎಂಬ ನಿಯಮಕ್ಕಿಂತ ಅದು ಏನು ತಿಂದಿದೆ ಎಂಬ ಸಾಕ್ಷ್ಯವನ್ನು ಅವರು ನಂಬಿದರು. ಅಮೆರಿಕದ ಮಿಷಿಗನ್‌ನವರಾದ ಡಗ್ ಸ್ವಿಷರ್ ಮತ್ತು ಕಾರ್ಲ್ ರಿಚರ್ಡ್ಸ್ 1971ರ ‘ಸೆಲೆಕ್ಟಿವ್ ಟ್ರೌಟ್’ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಿಧಾನವಾಗಿ ಹರಿಯುವ ನೀರಿನಲ್ಲಿ ಮೀನು ನೋಡುವುದು ರೆಕ್ಕೆ ಮತ್ತು ಮೈಯ ಹೊರರೇಖೆಯನ್ನು, ಹುಸಿಹುಳುವನ್ನು ತೇಲಿಸಲು ಸುತ್ತುವ ಗರಿಯ ಕುಚ್ಚು ಆ ರೇಖೆಯನ್ನೇ ಕೆಡಿಸುತ್ತದೆ ಎಂದು ವಾದಿಸಿ, ಕುಚ್ಚಿಲ್ಲದ ಹುಸಿಹುಳುಗಳನ್ನು ರೂಪಿಸಿದರು.

ಇಷ್ಟಾದರೂ ತಿರಸ್ಕಾರಕ್ಕೆ ಬಹಳ ಸಲ ಕಾರಣವಾಗುವುದು ಹುಸಿಹುಳುವಿನ ಬಣ್ಣವಲ್ಲ, ಅದರ ಚಲನೆ. ನಿಜವಾದ ಕೀಟ ತಾನಿರುವ ನೀರಿನ ವೇಗದಲ್ಲಿಯೇ ತೇಲುತ್ತದೆ. ಹುಸಿಹುಳುವಿಗೆ ಕಟ್ಟಿದ ದಾರವಾದರೋ ವೇಗದ ಹಾಗೂ ನಿಧಾನದ ಹಲವು ಪ್ರವಾಹಗಳ ಮೇಲೆ ಅಡ್ಡಲಾಗಿ ಬಿದ್ದಿರುವುದರಿಂದ ಕೆಲವೇ ಕ್ಷಣಗಳಲ್ಲಿ ಅದನ್ನು ಎಳೆಯತೊಡಗಿ, ಹಿಂದೆ ಸಣ್ಣ ಗೀರೊಂದು ಮೂಡುತ್ತದೆ. ಗಾಳಗಾರನ ಕಣ್ಣಿಗೆ ಬೀಳದಷ್ಟು ಸೂಕ್ಷ್ಮವಾದ ಈ ಎಳೆತವೂ ಒಂದು ಗೇಣಿನ ದೂರದಿಂದ ನೋಡುತ್ತಿರುವ ಮೀನಿಗೆ ಕಾಣುತ್ತದೆ. ಮೇಲ್ಮೈಯಲ್ಲಿ ಹಾಗೆ ಅಡ್ಡ ಸರಿಯುವ ಡನ್ ಅದರ ಅನುಭವದಲ್ಲಿಲ್ಲ. ದಟ್ಟ ಹ್ಯಾಚ್‌ನಲ್ಲಿ ಇನ್ನೂ ಒಂದು ತೊಡಕಿದೆ. ದೊಡ್ಡ ಮೇಫ್ಲೈಗಳು ನೀರಿನ ಮೇಲೆ ಎದ್ದು ಕಾಣುತ್ತಿರುವಾಗ, ಅದೇ ಹೊತ್ತಿಗೆ ಎದ್ದ ಚಿಕ್ಕ ಪ್ರಭೇದವೊಂದು ಸಂಖ್ಯೆಯಲ್ಲಿ ಹಲವು ಪಟ್ಟು ಹೆಚ್ಚಿದ್ದು, ಟ್ರೌಟ್‌ಗಳು ಅದನ್ನೇ ತಿನ್ನುತ್ತಿರಬಹುದು. ಮೀನು ಮೂಡಿಸುವ ಅಲೆಯುಂಗುರ ಇಂತಹ ಸಂದರ್ಭದಲ್ಲಿ ಸುಳಿವು ಕೊಡುತ್ತದೆ: ಮೂತಿ ಹೊರಬಂದು, ಉಂಗುರದ ನಡುವೆ ಗಾಳಿಗುಳ್ಳೆಯೊಂದು ಉಳಿದರೆ ಮೀನು ಕೀಟದ ಜೊತೆ ಗಾಳಿಯನ್ನೂ ಸೇದಿದೆ, ಅಂದರೆ ಮೇಲ್ಮೈಯ ಕೀಟವನ್ನೇ ತಿಂದಿದೆ, ಬೆನ್ನು ಮತ್ತು ಬಾಲ ಮಾತ್ರ ಕಂಡು ಗುಳ್ಳೆ ಇಲ್ಲವಾದರೆ ಅದು ತಿನ್ನುತ್ತಿರುವುದು ಮೇಲ್ಮೈಯ ಕೆಳಗಿನ ನಿಂಫ್‌ಗಳನ್ನು. ಸಂಜೆಯ ಹೊತ್ತಿಗೆ ಮೊಟ್ಟೆಯಿಟ್ಟು ಮುಗಿಸಿದ ಸ್ಪಿನ್ನರ್‌ಗಳು ರೆಕ್ಕೆ ಚಾಚಿ ನೀರಿಗೆ ಬಿದ್ದಾಗ ಅವು ತಪ್ಪಿಸಿಕೊಳ್ಳುವ ಪ್ರಶ್ನೆಯೇ ಇಲ್ಲ, ಆದ್ದರಿಂದ ದೊಡ್ಡ ಮೀನುಗಳು ಅವಸರವಿಲ್ಲದೆ, ಅಲೆಯೇ ಏಳದಷ್ಟು ಮೆಲ್ಲಗೆ ಅವನ್ನು ಹೀರಿಕೊಳ್ಳುತ್ತವೆ.

ಟ್ರೌಟ್‌ನ ಆಯ್ಕೆ ಹೇರಳತೆಯಿಂದ ಹುಟ್ಟುವುದಾದರೆ ಹೇರಳತೆ ಕುಂದಿದಾಗ ಆ ಆಯ್ಕೆಯೂ ಇಲ್ಲವಾಗಬೇಕು, ಮತ್ತು ಇಂದಿನ ನಿಜವಾದ ಆತಂಕ ಇದೇ. ಉತ್ತರ ಅಮೆರಿಕದ ಹೆಕ್ಸಾಜೀನಿಯಾ ಎಂಬ ಮೇಫ್ಲೈಗಳ ಹಿಂಡು ಮೋಡದಂತೆ ಹವಾಮಾನ ರಾಡಾರ್‌ಗಳಲ್ಲಿ ಕಾಣಿಸಿಕೊಳ್ಳುತ್ತದೆ. ಆ ದಾಖಲೆಗಳನ್ನು ಬಳಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೇಲಿನ ಮಿಸಿಸಿಪಿ ನದಿಯಲ್ಲಿಯೂ ಈರಿ ಸರೋವರದ ಪಶ್ಚಿಮ ಭಾಗದಲ್ಲಿಯೂ ಕೆಲವೇ ವರ್ಷಗಳಲ್ಲಿ ಇವುಗಳ ಸಂಖ್ಯೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ ಎಂದು ತೋರಿಸಿತು. ಇಂಗ್ಲೆಂಡಿನ ಸುಣ್ಣಕಲ್ಲಿನ ನದಿಗಳಲ್ಲಿ ಗಾಳಗಾರರು ನೀಲಿರೆಕ್ಕೆಯ ಆಲಿವ್ ಎಂದು ಕರೆಯುವ ಮೇಫ್ಲೈ ಹಿಂದಿನಷ್ಟು ಏಳುತ್ತಿಲ್ಲ. ಅದರ ಮೊಟ್ಟೆಗಳು ಚಳಿಗಾಲವನ್ನೆಲ್ಲ ನದಿಯ ತಳದಲ್ಲಿಯೇ ಕಳೆಯಬೇಕಾಗಿದ್ದು, ಹೊಲಗಳಿಂದ ಹರಿದುಬರುವ ನುಣ್ಣನೆಯ ಹೂಳು ಮತ್ತು ಕೊಳಚೆ, ಗೊಬ್ಬರಗಳ ಫಾಸ್ಫೇಟ್ ಅವುಗಳನ್ನು ಕೊಲ್ಲುತ್ತವೆಯೆಂದು ಪ್ರಯೋಗಗಳು ತಿಳಿಸುತ್ತವೆ. ಇನ್ನೊಂದು ಅಪಾಯ ಯಾರೂ ಊಹಿಸದಂಥದು. ನೀರಿನಿಂದ ಪ್ರತಿಫಲಿಸುವ ಬೆಳಕಿನ ಅಲೆಗಳು ಅಡ್ಡ ಸಮತಲದಲ್ಲಿ ಕಂಪಿಸುವ ಧ್ರುವೀಕೃತ ಬೆಳಕಾಗಿರುತ್ತವೆ, ಮೊಟ್ಟೆಯಿಡುವ ಹೆಣ್ಣು ಮೇಫ್ಲೈ ನದಿಯನ್ನು ಗುರುತಿಸುವುದು ಆ ಬೆಳಕಿನಿಂದ. ಒಣ ಡಾಂಬರು ರಸ್ತೆ ಅಂತಹ ಬೆಳಕನ್ನು ನೀರಿಗಿಂತ ಪ್ರಬಲವಾಗಿ ಚೆಲ್ಲಬಲ್ಲದೆಂದೂ, ಕೀಟಗಳು ರಸ್ತೆಯ ಮೇಲೆಯೇ ಮೊಟ್ಟೆಯಿಟ್ಟು ಸಾಯುತ್ತವೆಂದೂ ಹಂಗೆರಿಯ ಕ್ರಿಸ್ಕಾ, ಹೊರ್ವಾತ್ ಮತ್ತು ಅವರ ಸಹೋದ್ಯೋಗಿ 1998ರಲ್ಲಿ ವರದಿ ಮಾಡಿದರು.

ಬ್ರಿಟನ್ನಿನ ಗಾಳಗಾರರು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 2007ರಿಂದ ನಡೆಯುತ್ತಿರುವ ರಿವರ್‌ಫ್ಲೈ ಪರಿವೀಕ್ಷಣೆ ಯೋಜನೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕರು ನಿಗದಿತ ಜಾಗದಲ್ಲಿ 3 ನಿಮಿಷ ಕಾಲಿನಿಂದ ತಳವನ್ನು ಕಲಕಿ, ಬಲೆಗೆ ಬಂದ ಜೀವಿಗಳನ್ನು 8 ಗುಂಪುಗಳಾಗಿ ಎಣಿಸುತ್ತಾರೆ. ಎಣಿಕೆ ಆ ಜಾಗಕ್ಕೆ ಗೊತ್ತುಪಡಿಸಿದ ಮಟ್ಟಕ್ಕಿಂತ ಇಳಿದರೆ ಸರ್ಕಾರದ ಪರಿಸರ ಸಂಸ್ಥೆಗೆ ತಿಳಿಸುತ್ತಾರೆ. ಭಾರತದಲ್ಲಿ ಟ್ರೌಟ್ ಇರುವುದು ಬ್ರಿಟಿಷರು ಅದನ್ನು ತಂದು ಬಿಟ್ಟ ಕಾಶ್ಮೀರ, ಹಿಮಾಚಲ, ನೀಲಗಿರಿ, ಮೂನಾರಿನಂತಹ ತಂಪು ಪ್ರದೇಶಗಳ ಹೊಳೆಗಳಲ್ಲಿ ಮಾತ್ರ. ಆದರೆ ಮೇಫ್ಲೈಗೆ ಅಂತಹ ಎಲ್ಲೆಯಿಲ್ಲ, ಪಶ್ಚಿಮ ಘಟ್ಟದ ಹಳ್ಳಕೊಳ್ಳಗಳಲ್ಲಿ ಅದರ ಅನೇಕ ಪ್ರಭೇದಗಳು ಮೊದಲಿನಿಂದಲೂ ಇವೆ, ಅಲ್ಲಿನ ಮೀನು, ಕಪ್ಪೆ, ಜೇಡ, ಹಕ್ಕಿಗಳಿಗೆ ಆಹಾರವಾಗಿವೆ. ಜಲಕೀಟಗಳಿಂದ ನೀರಿನ ಗುಣಮಟ್ಟವನ್ನು ಅಳೆಯುವ ವಿಧಾನವನ್ನು ವಿವರಿಸುವ ಕೈಪಿಡಿಯೊಂದನ್ನು ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿಯೇ ಪ್ರಕಟಿಸಿದೆ. ಮಲೆನಾಡಿನ ಶಾಲೆಗಳ ವಿಜ್ಞಾನ ಶಿಕ್ಷಕರು ಈ ಕೆಲಸವನ್ನು ಯಾವ ಉಪಕರಣವೂ ಇಲ್ಲದೆ ಆರಂಭಿಸಬಹುದು. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ, ಮೊಣಕಾಲಿಗಿಂತ ಕಡಿಮೆ ಆಳದ ಹರಿವಿನಿಂದ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಕೆಳಮುಖವನ್ನು ಮಕ್ಕಳಿಗೆ ತೋರಿಸಬೇಕು. ಹೊಟ್ಟೆಯ ಬದಿಗಳಲ್ಲಿ ಕಿವಿರುಗಳನ್ನು ಅಲುಗಿಸುತ್ತ ಓಡುವ, ಎರಡೋ ಮೂರೋ ಎಳೆಬಾಲಗಳ ಚಪ್ಪಟೆ ಹುಳುಗಳು ಕಂಡರೆ ಅವು ಮೇಫ್ಲೈಯ ನಿಂಫ್‌ಗಳು. ಅವುಗಳ ಸಂಖ್ಯೆಯನ್ನೂ ದಿನಾಂಕವನ್ನೂ ಬರೆದಿಟ್ಟು, ಕಲ್ಲನ್ನು ಇದ್ದ ಜಾಗದಲ್ಲಿಯೇ, ಮೊದಲು ಕೆಳಗಿದ್ದ ಮುಖವೇ ಕೆಳಗಾಗುವಂತೆ ಮರಳಿ ಇಡಬೇಕು.